ನಳಿಗೆಯೊಳಗಿನ ನೈವೇದ್ಯ

ಹೊಸ ಯಂತ್ರವೊಂದು ತನ್ನ ಜೀವಮಾನದಲ್ಲಿ ಮೊಟ್ಟಮೊದಲು ಏನನ್ನು ತುಂಬಬೇಕು ಎಂಬುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಈ ಬಗ್ಗೆ ಸಂವಿಧಾನ ಏನೂ ಹೇಳುವುದಿಲ್ಲ. ಸರ್ಕಾರಿ ಸುತ್ತೋಲೆಗಳೂ ಮೌನವಾಗಿವೆ. ದೊಡ್ಡ ದೊಡ್ಡ ದೇಶಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳದೆಯೇ ಮುಂದುವರಿದುಬಿಟ್ಟಿವೆ. ಕೊನೆಗೆ ಈ ಭಾರ ಹೊತ್ತದ್ದು ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನ ವತ್ಸಲಾ ಎಂಜಿನಿಯರಿಂಗ್ ವರ್ಕ್ಸ್. ಅಲ್ಲಿನ ಕಟ್ಟಳೆ ಹೀಗಿತ್ತು: ಯಂತ್ರ ಮುಂದೆ ಏನನ್ನೇ ತುಂಬಲಿ, ಅದರ ಸೂಜಿಯಿಂದ ಮೊದಲು ಹೊರಬರುವುದು ದೇವರ ಬಾಯಿಗೆ ಸಲ್ಲುವಂಥದ್ದಾಗಿರಬೇಕು. ಅದನ್ನು ಪೂಜೆಯಲ್ಲಿಟ್ಟು, ಆಮೇಲೆ ಹತ್ತು ಮನೆಗೆ ಹಂಚಬೇಕು.

ಕಟ್ಟಳೆ ಮಾಡಿದವರು ವತ್ಸಲಾ. ಪಾಲಿಸುತ್ತಿದ್ದವರು ಅವರ ಗಂಡ, ಕಾರ್ಖಾನೆಯ ಮಾಲೀಕ ಲಕ್ಷ್ಮೀಪತಿ. ಡಬ್ಬಿ, ಸೀಸೆ, ಟ್ಯೂಬು ಯಾವುದಕ್ಕಾದರೂ ಸರಿ, ಅದರೊಳಗೆ ಅಳತೆಯಾಗಿ ಏನನ್ನಾದರೂ ತುಂಬುವ ಯಂತ್ರ ಕಟ್ಟುವುದು ಅವರ ಕಸುಬು. ತಲೆಗೆ ಹಚ್ಚುವ ಎಣ್ಣೆಯ ಯಂತ್ರದಲ್ಲಿ ಮೊದಲು ತುಪ್ಪ ಹರಿದಿತ್ತು. ಬಡಗಿಗಳ ಅಂಟಿನ ಯಂತ್ರದಲ್ಲಿ ಅಕ್ಕಿ ಪಾಯಸ. ಬೂಟ್ ಪಾಲಿಶ್ ಯಂತ್ರಕ್ಕೆ ಹಾಲುಬಾಯಿ ಹಾಕಿದ್ದರು. ಅದು ಚಪ್ಪಟೆ ಕಪ್ಪು ಡಬ್ಬಿಗಳಲ್ಲಿ ಹೊರಬಂದಾಗ ಬಸವೇಶ್ವರನಗರದ ಅವರ ರಸ್ತೆಯ ಜನ ಒಂದು ಕ್ಷಣ ಯೋಚಿಸಿ, ಕಣ್ಣು ಮುಚ್ಚಿ ತಿಂದಿದ್ದರು.

ಈಚೆಗೆ ಮಾತ್ರ ಹಂಚುವ ಸಂದರ್ಭವೇ ಬಂದಿರಲಿಲ್ಲ. ಹಡಗಿನಲ್ಲಿ ಬರುವ ಅಗ್ಗದ ಯಂತ್ರಗಳು ಗಿರಾಕಿಗಳನ್ನೆಲ್ಲ ಒಯ್ದಿದ್ದವು. ಲಿಂಗಸುಗೂರು ಕಡೆಯಿಂದ ಬಂದು ಲಗ್ಗೆರೆಯಲ್ಲಿ ಮನೆ ಮಾಡಿಕೊಂಡಿದ್ದ ಫಿಟ್ಟರ್ ಅಮರೇಶ, ಮಾಡಲು ಬೇರೆ ಕೆಲಸವಿಲ್ಲದೆ ಇದ್ದ ಲೇತನ್ನೇ ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಒರೆಸುತ್ತಿದ್ದ. ಇನ್ನೊಂದು ಆರ್ಡರ್ ಬರದಿದ್ದರೆ ದೀಪಾವಳಿಗೆ ಶಟರ್ ಎಳೆಯುವುದೇ ಸೈ ಎಂದು ಲಕ್ಷ್ಮೀಪತಿ ಮನಸ್ಸಿನಲ್ಲಿ ನಿರ್ಧರಿಸಿದ್ದರು; ಹೆಂಡತಿಗೂ ಹೇಳಿರಲಿಲ್ಲ. ಅಂಥ ಹೊತ್ತಿನಲ್ಲಿ ಕೆನಡಾದಿಂದ ಇಮೇಲ್ ಬಂತು.

ಕಾರ್ಖಾನೆಯ ಪತ್ರವ್ಯವಹಾರ ನೋಡುತ್ತಿದ್ದವಳು ಮಗಳು ಸ್ಮೃತಿ. ಅವಳು ಎರಡು ಸಲ ಓದಿ, ಬಾಗಿಲು ಮುಂದೆ ಮಾಡಿ ಬಂದಳು.

"ಅಪ್ಪಾ, ಇದು ಗಾಂಜಾ."

ಲಕ್ಷ್ಮೀಪತಿ ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಸ್ವಚ್ಛವಾಗಿಯೇ ಇತ್ತು.

"ಯಂತ್ರ ಕೇಳ್ತಾ ಇದಾರೋ, ಗಾಂಜಾ ಕೇಳ್ತಾ ಇದಾರೋ?"

"ಯಂತ್ರ ಅಪ್ಪ. ಅಲ್ಲಿ ಅದಕ್ಕೆ ಕಾನೂನಿದೆ, ಲೈಸೆನ್ಸ್ ಕಾಪಿನೂ ಕಳ್ಸಿದಾರೆ. ಹೂವಿನ ಮೇಲೆ ಒಂಥರಾ ಅಂಟು ಇರತ್ತಂತೆ. ಅದನ್ನ ಐಸ್ ನೀರಲ್ಲಿ ಅಲ್ಲಾಡಿಸಿ ಬಿಡಿಸ್ತಾರೆ, ಒಣಗಿಸ್ತಾರೆ, ಆಮೇಲೆ ಎರಡು ಬಿಸಿ ತಟ್ಟೆ ಮಧ್ಯೆ ಇಟ್ಟು ಒತ್ತುತಾರೆ. ರಾಳ ಇಳಿಯತ್ತೆ. ಬೇರೆ ಕಂಪನಿಯೋರು ಗ್ಯಾಸು, ಸ್ಪಿರಿಟ್ಟು ಹಾಕಿ ಸತ್ವ ತೆಗೀತಾರೆ. ಇವರು ಏನಂದ್ರೆ ಏನೂ ಬೆರೆಸಲ್ಲ. ಅದೇ ಇವರ ಜಂಭ."

"ಅಂದ್ರೆ ಮರದ ಗಾಣದ ಎಣ್ಣೆ ಇದ್ದ ಹಾಗೆ."

"ಹೆಚ್ಚುಕಮ್ಮಿ. ಆ ರಾಳಾನ ಗಾಜಿನ ಸಣ್ಣ ನಳಿಗೆಗೆ ತುಂಬಬೇಕು. ಬ್ಯಾಟರಿ ಕಡ್ಡಿಗೆ ಸಿಕ್ಕಿಸಿ ಹೊಗೆ ಎಳೆಯೋ ನಳಿಗೆ. ರಾಳ ತಣ್ಣಗಿದ್ರೆ ಕಲ್ಲು, ಜಾಸ್ತಿ ಕಾಯಿಸಿದ್ರೆ ಪರಿಮಳ ಹೋಗತ್ತೆ. ತೆಳ್ಳಗೆ ಮಾಡೋಕೆ ಏನೂ ಸೇರಿಸೋ ಹಾಗಿಲ್ಲ. ಅಲ್ಲಿ ಕೊಂಡ ಯಂತ್ರ ಎಲ್ಲಾ ಕಟ್ಕೊಂಡು ನಿಂತಿದಾವಂತೆ. ಅದಕ್ಕೇ ನಮ್ಮನ್ನ ಹುಡುಕಿರೋದು."

ಲಕ್ಷ್ಮೀಪತಿಯವರ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಕಳೆ ಬಂತು. ದಪ್ಪನೆಯ, ಅಂಟಂಟಾದ, ಹೇಳಿದ ಮಾತು ಕೇಳದ ಪದಾರ್ಥಗಳೆಂದರೆ ಅವರಿಗೆ ಪ್ರೀತಿ. ನೀರು ಯಾರು ಬೇಕಾದರೂ ತುಂಬುತ್ತಾರೆ ಎಂಬುದು ಅವರ ಅಭಿಪ್ರಾಯ.

"ಇನ್ನೊಂದು ಕಂಡೀಷನ್ ಇದೆ," ಎಂದಳು ಸ್ಮೃತಿ. "ಟ್ರಯಲ್‌ಗೆ ಅಂತ ಇನ್ನೂರು ಖಾಲಿ ನಳಿಗೆ ಕಳಿಸ್ತಾರೆ. ತುಂಬಿದ್ದು, ತುಂಬದೇ ಇದ್ದಿದ್ದು, ಒಡೆದಿದ್ದು, ಎಲ್ಲಾ ಯಂತ್ರದ ಜೊತೇಲೇ ವಾಪಸ್ ಹೋಗ್ಬೇಕು. ಅವರ ಕಡೆ ಇನ್‌ಸ್ಪೆಕ್ಟರ್ ಒಬ್ಬರು ಬಂದು ಎಣಿಸಿ ಸೈನ್ ಹಾಕ್ತಾರೆ. ಒಂದು ಕಮ್ಮಿ ಆದ್ರೂ ಯಂತ್ರ ತಗೊಳ್ಳಲ್ವಂತೆ. ಕೇಳಿಸ್ತಾ?"

"ಹ್ಞೂ ಹ್ಞೂ," ಎಂದ ಲಕ್ಷ್ಮೀಪತಿ ಆಗಲೇ ಕಾಗದದ ಮೇಲೆ ಸೂಜಿ ಬರೆಯುತ್ತಿದ್ದರು.

ಉಳಿದದ್ದು ವತ್ಸಲಾಗೆ ಹೇಳುವ ಕೆಲಸ. ಲಕ್ಷ್ಮೀಪತಿ ಸುಳ್ಳು ಹೇಳುವವರಲ್ಲ. ನಿಜವನ್ನು ಸ್ವಲ್ಪ ಸೋಸಿ ಹೇಳುವವರು. "ಕೆನಡಾದಲ್ಲಿ ಒಂದು ಮೂಲಿಕೆ ಕಣೇ. ಕೆಮಿಕಲ್ ಗಿಮಿಕಲ್ ಏನೂ ಇಲ್ಲ. ನಮ್ಮ ಗಾಣದಲ್ಲಿ ಹಿಂಡಿದ ಹಾಗೆ ಹಿಂಡ್ತಾರೆ," ಎಂದರು. ಹೆಜ್ಜೆಗೊಂದು ಗಾಣದೆಣ್ಣೆ ಅಂಗಡಿ ಎದ್ದಿರುವ ಬಸವೇಶ್ವರನಗರದಲ್ಲಿ ಇದಕ್ಕಿಂತ ದೊಡ್ಡ ಶಿಫಾರಸು ಇನ್ನೊಂದಿಲ್ಲ. ವತ್ಸಲಾ ಸಂಜೆಯೇ ಲಲಿತಾ ಭಜನಾ ಮಂಡಳಿಯಲ್ಲಿ, ತಮ್ಮ ಮನೆಯವರು ಪರದೇಶದ ಆಯುರ್ವೇದಕ್ಕೆ ಯಂತ್ರ ಕಟ್ಟುತ್ತಿದ್ದಾರೆ ಎಂದು ತಿಳಿಸಿದರು. ಆಯುರ್ವೇದ ಎಂಬ ಪದ ಅವರದೇ ಕೊಡುಗೆ.

ಮಂಡಳಿಯಲ್ಲಿ ವತ್ಸಲಾ ಹಾಡುತ್ತಿದ್ದದ್ದು ಸುಮಾರಾಗಿ. ಅವರ ಗೌರವ ಇದ್ದದ್ದು ಗಳಿಗೆ ನೋಡುವುದರಲ್ಲಿ. ರಾಹುಕಾಲ, ಯಮಗಂಡ, ಗುಳಿಕಕಾಲ ಅವರ ನಾಲಿಗೆಯ ತುದಿಯಲ್ಲಿದ್ದವು. ಆ ರಸ್ತೆಯಲ್ಲಿ ಯಾರೇ ಹೊಸ ಫ್ರಿಡ್ಜ್ ತರಿಸಿದರೂ, ಡೆಲಿವರಿಯವನು ಎಷ್ಟೊತ್ತಿಗೆ ಬಾಗಿಲು ದಾಟಬೇಕೆಂದು ಮೊದಲು ಅವರಿಗೆ ಫೋನ್ ಹೋಗುತ್ತಿತ್ತು.

ಯಂತ್ರ ಸಿದ್ಧವಾಯಿತು. ಮೇಲೆ ಬಿಸಿನೀರಿನ ಅಂಗಿ ತೊಟ್ಟ ಸ್ಟೀಲಿನ ಪಾತ್ರೆ, ಕೆಳಗೆ ಸಾಲು ಸೂಜಿಗಳು, ಅದರ ಕೆಳಗೆ ನಳಿಗೆಗಳನ್ನು ನಿಲ್ಲಿಸುವ ತಟ್ಟೆ, ಪಕ್ಕದಲ್ಲಿ ಮುಚ್ಚಳ ಒತ್ತುವ ಕೈ. ವತ್ಸಲಾ ಒಣಶುಂಠಿ, ಏಲಕ್ಕಿ ಹಾಕಿ ಬೆಲ್ಲದ ಪಾಕ ಕಾಸಿ, ತೆಳು ಪಂಚೆಯಲ್ಲಿ ಮತ್ತೆ ಮತ್ತೆ ಸೋಸಿ ತಂದಿದ್ದರು. ಶುಕ್ರವಾರ ಬೆಳಿಗ್ಗೆ ಪೂಜೆ. ಸ್ವಿಚ್ ಹಾಕಿದ ಮೇಲೆ ಮೊದಲ ತಟ್ಟೆ ಕೆಳಗೆ ಬಂತು. ಪ್ರತಿ ನಳಿಗೆಯ ಬಾಯಿಂದ ಸೂಜಿಯವರೆಗೆ ಬೆಲ್ಲದ ಎಳೆ ಜೇಡರ ಬಲೆಯ ಹಾಗೆ ತೂಗುತ್ತಿತ್ತು.

"ಸರ್ರ, ಸೂಜಿ ಮ್ಯಾಲೆ ಏಳೂ ಮುಂದ ಬಾಲ ಬಿಡಾಕತ್ತೈತ್ರೀ," ಎಂದ ಅಮರೇಶ.

"ಕಾಣ್ತಾ ಇದೆ ಮಾರಾಯ. ಎತ್ತೋಕೆ ಮುಂಚೆ ಒಂಚೂರು ಹಿಂದಕ್ಕೆ ಎಳೆಸು."

"ಹಿಂದಕ್ಕ ಎಳಸಿ, ಒಂದ್ ಉಸ್ರು ತಡದು, ಆಮ್ಯಾಲೆ ಎತ್ತಸ್ತೀನ್ರಿ."

ಮುಂದಿನ ತಟ್ಟೆ ಬಾಲವಿಲ್ಲದೆ ಬಂತು. ಜೇನಿನ ಬಣ್ಣದ ನಳಿಗೆಗಳು ಸಾಲಾಗಿ ಹೊಳೆದವು. ವತ್ಸಲಾ ದೇವರ ಮುಂದಿಟ್ಟು ಮಂಗಳಾರತಿ ಎತ್ತಿದಾಗ ಒಂಬತ್ತೂಮುಕ್ಕಾಲು. ಶುಕ್ರವಾರದ ರಾಹುಕಾಲ ಹತ್ತೂವರೆಗೆ. ಅವರು ಅಷ್ಟರಲ್ಲಿ ಗಂಟೆ ಬಾರಿಸಿ, ಆಟೋ ಹಿಡಿದು ಮನೆ ಸೇರಿದ್ದರು. ಲಕ್ಷ್ಮೀಪತಿ ಆಗ ಹೊರಗೆ ನಿಂತು ಕೆನಡಾದವರು ಗೊತ್ತುಮಾಡಿದ್ದ ಇನ್‌ಸ್ಪೆಕ್ಟರ್ ಅರುಣ್ ಕುಮಾರ್ ಜೊತೆ ಫೋನಿನಲ್ಲಿದ್ದರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ, ನಳಿಗೆಗಳನ್ನೆಲ್ಲ ಒಂದೇ ಕಡೆ ಜೋಡಿಸಿಡಿ ಎಂದರು ಆತ. "ಜೋಡಿಸಿಯೇ ಇದೆ ಸಾರ್," ಎಂದು ಲಕ್ಷ್ಮೀಪತಿ ಧೈರ್ಯವಾಗಿ ಹೇಳಿದರು.

ಸಂಜೆ ಮನೆಗೆ ಬಂದರೆ ಊಟದ ಮೇಜಿನ ಮೇಲೆ ಖಾಲಿ ಸ್ಟೀಲ್ ತಟ್ಟೆ ಇತ್ತು.

"ಪ್ರಸಾದ ಎಲ್ಲಾರ್ಗೂ ಮುಟ್ಟಿಸಿಬಿಟ್ಟೆ," ಎಂದರು ವತ್ಸಲಾ. "ಮಂಡಳಿಗೆ ಬಂದೋರಿಗೆಲ್ಲ ತಾಂಬೂಲದ ಜೊತೆ ಒಂದೊಂದು. ಪಾಪ, ಹೆಂಗೆ ತಿನ್ನೋದು ಅಂತ ಕೇಳಿದ್ರು. ನಂಗೇನ್ ಗೊತ್ತು, ಪರದೇಶದ ಪ್ಯಾಕಿಂಗು ಅಂದೆ."

ಲಕ್ಷ್ಮೀಪತಿ ನಿಂತಲ್ಲೇ ಕುಳಿತರು. ಅದೃಷ್ಟಕ್ಕೆ ಹಿಂದೆ ಕುರ್ಚಿ ಇತ್ತು.

ನಳಿಗೆಗಳನ್ನು ವಾಪಸ್ ತರಲೇಬೇಕು. ತರದಿದ್ದರೆ ಸೋಮವಾರ ಯಂತ್ರ ಫೇಲು, ದೀಪಾವಳಿಗೆ ಶಟರು. ಆದರೆ ಕೇಳುವುದು ಹೇಗೆ? ಕಾರಣ ಹೇಳಹೊರಟರೆ, ಕೆನಡಾದವರು ಒಂದು ಬೆರಳುದ್ದದ ಗಾಜಿಗೆ ಯಾಕಿಷ್ಟು ಲೆಕ್ಕ ಕೇಳುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿಂದ ಗಾಂಜಾಕ್ಕೆ ಒಂದೇ ಹೆಜ್ಜೆ. ಯಾವ ಯಂತ್ರದ ಮುಂದೆ ಕರ್ಪೂರ ಹಚ್ಚಿದೆ ಎಂದು ವತ್ಸಲಾಗೆ ಗೊತ್ತಾದರೆ ಮುಂದಿನದನ್ನು ಊಹಿಸಲು ಅವರು ಸಿದ್ಧರಿರಲಿಲ್ಲ.

ಶನಿವಾರ ಒಂದು ಡಬ್ಬಿ ಲಡ್ಡು ಹಿಡಿದು ಹೊರಟರು. ಮೊದಲ ಮನೆ ಯೋಗ ಟೀಚರ್ ಭುವನೇಶ್ವರಿಯದು.

"ಏನಿಲ್ಲಮ್ಮಾ, ನಿನ್ನೆ ಕೊಟ್ಟಿದ್ದ ಆ ನಳಿಗೆ ಇತ್ತಲ್ಲ, ಅದು ಸ್ವಲ್ಪ ವಾಪಸ್..."

"ಪ್ರಸಾದ ವಾಪಸ್ ಕೇಳ್ತಾರಾ ಅಂಕಲ್?" ಭುವನೇಶ್ವರಿ ನಕ್ಕಳು. ನಗು ನಿಲ್ಲಿಸಿ ಮತ್ತೆ ಅವರನ್ನು ನೋಡಿದಳು. "ಯಾಕೆ, ಏನಾಯ್ತು?"

ಮಂಡಳಿಯಲ್ಲಿ ಕೊಟ್ಟ ಪ್ರಸಾದವನ್ನು ಕೊಟ್ಟ ಮನೆಯವರೇ ಬಂದು ಕೇಳಿದ ಉದಾಹರಣೆ ಆ ರಸ್ತೆಯಲ್ಲಿರಲಿಲ್ಲ. ಲಕ್ಷ್ಮೀಪತಿ ಆಚೆ ನೋಡಿದರು, ಈಚೆ ನೋಡಿದರು. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಅದರಲ್ಲಿ ಪ್ರತಿ ವಾರದ ಮುಂದೆ ಕೆಂಪು ಅಕ್ಷರದಲ್ಲಿ ಒಂದು ಹೊತ್ತು ಅಚ್ಚಾಗಿತ್ತು. ಅವರ ಬಾಯಿ ಅವರನ್ನು ಕೇಳದೆಯೇ ತೆರೆಯಿತು.

"ನಿನ್ನೆ ನೈವೇದ್ಯ ಆಗೋ ಹೊತ್ತಿಗೆ ರಾಹುಕಾಲ ಬಂದ್ಬಿಟ್ಟಿತ್ತಮ್ಮ. ನಮ್ಮನೆಯೋರು ಗಮನಿಸಿಲ್ಲ."

ಭುವನೇಶ್ವರಿ ಒಳಗೆ ಹೋದ ವೇಗಕ್ಕೆ ಪರದೆ ಹಾರಾಡಿತು. ನಳಿಗೆಯನ್ನು ಎರಡು ಬೆರಳಲ್ಲಿ ಹಿಡಿದು ತಂದು, ಅವರ ಚೀಲಕ್ಕೆ ಬೀಳಿಸಿ, ಲಡ್ಡು ತೆಗೆದುಕೊಳ್ಳುವ ಮೊದಲು ಕೈ ತೊಳೆದಳು.

ಇಷ್ಟು ಸಲೀಸಾಗಿ ಕೆಲಸ ಮಾಡುವ ಯಂತ್ರವನ್ನು ಲಕ್ಷ್ಮೀಪತಿ ತಮ್ಮ ಜೀವನದಲ್ಲಿ ಕಟ್ಟಿರಲಿಲ್ಲ. ಮನೆಯಿಂದ ಮನೆಗೆ ಅದನ್ನೇ ಹೇಳಿದರು. ಯಾರೂ ಅದನ್ನು ತಿಂದಿರಲಿಲ್ಲ. ಮುಚ್ಚಳ ಒತ್ತಿದ್ದ ನಳಿಗೆಯನ್ನು ತಿನ್ನಲು ಬರುತ್ತಿರಲಿಲ್ಲ. ತಿನ್ನಲಾಗದ ಪ್ರಸಾದವನ್ನು ಎಸೆಯಲೂ ಬಾರದೆ ಎಲ್ಲರೂ ದೇವರ ಮುಂದೆ ಇಟ್ಟುಕೊಂಡಿದ್ದರು. ಮೂಲೆಯಲ್ಲಿ ಹೂವು ಮಾರುವ ಮುನಿಲಕ್ಷ್ಮಮ್ಮ ಮಾತ್ರ ಸೆರಗಿನ ಗಂಟು ಬಿಚ್ಚಿ ನಳಿಗೆ ಕೊಡುತ್ತಾ, "ಯಜಮಾನ್ರೆ, ಅಮ್ಮಾವ್ರು ಗಳಿಗೆ ತಪ್ಪೋರಲ್ಲ ಕಣ್ರಪ್ಪ. ನಿಮ್ ವಾಚ್ ರಿಪೇರಿ ಮಾಡಿಸ್ರಿ," ಎಂದಳು. ಲಕ್ಷ್ಮೀಪತಿ ವಾಚಿನ ಮೇಲೆ ಅಂಗಿಯ ತೋಳು ಎಳೆದುಕೊಂಡರು. ಆದರೂ ಚೀಲ ತುಂಬುತ್ತಿತ್ತು, ಹೆಜ್ಜೆ ಹಗುರವಾಗುತ್ತಿತ್ತು.

ಕೊನೆಯ ಮನೆ ಉಮಾಶ್ರೀಯವರದು. ಬಾಗಿಲು ತೆರೆದವರು ಅವರ ಗಂಡ ಸುಧೀಂದ್ರ, ನಿವೃತ್ತ ಭೂಗೋಳದ ಮೇಷ್ಟ್ರು. ಡಾಕ್ಟರರ ಮಾತಿಗೋ ಹೆಂಡತಿಯ ಮಾತಿಗೋ ಸಿಗರೇಟು ಬಿಟ್ಟು, ಅದನ್ನು ಪಾರ್ಕಿನಲ್ಲಿ ದಿನಾ ಘೋಷಿಸುತ್ತಿದ್ದವರು.

"ನಳಿಗೆನಾ? ಯಾವ ನಳಿಗೆ?" ಎಂದರು ಸುಧೀಂದ್ರ, ಪ್ರಶ್ನೆ ಪೂರ್ತಿ ಕೇಳುವ ಮುಂಚೆಯೇ.

ಉಮಾಶ್ರೀ ಒಳಗಿನಿಂದ ಬಂದರು. "ದೇವರ ಮುಂದೇನೇ ಇಟ್ಟಿದ್ದೆ ಲಕ್ಷ್ಮೀಪತಿಯೋರೇ. ಬೆಳಿಗ್ಗೆ ನೋಡ್ತೀನಿ, ಇಲ್ಲ! ರಾಹುಕಾಲದ್ದು ಅಂತೀರಲ್ಲ, ಸರಿಹೋಯ್ತು ಬಿಡಿ. ಅದಕ್ಕೇ ಮಾಯ ಆಗಿದೆ."

ಸುಧೀಂದ್ರ ಬಹಳ ಗಂಭೀರವಾಗಿ ಹೌದೆಂದು ತಲೆಯಾಡಿಸಿದರು.

ಒಂದು ಕಮ್ಮಿ. ಲಕ್ಷ್ಮೀಪತಿ ಅದನ್ನೇ ಯೋಚಿಸುತ್ತ ಮನೆಗೆ ಬಂದರೆ, ವತ್ಸಲಾ ಪಂಚಾಂಗವನ್ನು ತೊಡೆಯ ಮೇಲಿಟ್ಟುಕೊಂಡು ಹಾಲಿನಲ್ಲಿ ಕೂತಿದ್ದರು. ಫೋನು ಪಕ್ಕದಲ್ಲಿತ್ತು, ಅದು ಸಾಕಷ್ಟು ಮಾತಾಡಿ ಬಿಸಿಯಾಗಿದ್ದಂತೆ ಕಂಡಿತು.

"ರೀ, ಶುಕ್ರವಾರ ರಾಹುಕಾಲ ಎಷ್ಟೊತ್ತಿಗೆ?"

"ಹತ್ತೂವರೆಗೆ."

"ನಾನು ಮಂಗಳಾರತಿ ಎತ್ತಿದ್ದು?"

"ಒಂಬತ್ತೂಮುಕ್ಕಾಲು."

"ಓ, ಗೊತ್ತಿದೆ ಹಾಗಾದ್ರೆ. ಮರೆವು ಶುರುವಾಯ್ತೇನೋ ಅಂತ ಹೆದ್ರಿದ್ದೆ." ಅವರು ಪಂಚಾಂಗ ಮುಚ್ಚಿದರು. "ಉಮಾಶ್ರೀ ಫೋನ್ ಮಾಡಿದ್ರು. ಮಗಳ ಗೃಹಪ್ರವೇಶಕ್ಕೆ ನಾನು ಗಳಿಗೆ ನೋಡೋದು ಬೇಡ್ವಂತೆ. ವಿಜಯನಗರದಲ್ಲಿ ಯಾರನ್ನೋ ಕೇಳ್ತಾರಂತೆ. ಬೇಜಾರು ಮಾಡ್ಕೋಬೇಡಿ, ವಯಸ್ಸಾದ್ಮೇಲೆ ಎಲ್ಲಾರ್ಗೂ ಹೀಗೇನೇ ಅಂತ ನಂಗೇ ಸಮಾಧಾನ ಹೇಳಿದ್ರು. ನಂಗೆ! ಈಗ ಹೇಳಿ, ಏನ್ ವಿಷ್ಯ?"

ಸೋಸಲು ಇನ್ನೇನೂ ಉಳಿದಿರಲಿಲ್ಲ. ಲಕ್ಷ್ಮೀಪತಿ ಎಲ್ಲವನ್ನೂ ಹೇಳಿದರು. ಇಮೇಲ್, ರಾಳ, ಹೊಗೆ, ನಳಿಗೆಯ ಲೆಕ್ಕ. ಕೊನೆಗೆ ಇಷ್ಟು ದಿನ ಹೇಳದೇ ಇದ್ದ ದೀಪಾವಳಿಯ ಶಟರನ್ನೂ ಹೇಳಿದರು.

ವತ್ಸಲಾ ಪಂಚಾಂಗವನ್ನು ತೊಡೆಯಿಂದ ಕೆಳಗಿಟ್ಟರು.

"ಗಾಂಜಾನಾ?"

"ಯಂತ್ರದಲ್ಲಿ ಇನ್ನೂ ಅದು ಹೋಗಿಲ್ಲ ಕಣೇ. ಹೋಗಿರೋದು ನಿನ್ನ ಶುಂಠಿ ಬೆಲ್ಲಾನೇ."

"ಅಲ್ರೀ, ಗಾಂಜಾ ಅಂತ ಮೊದಲೇ ಹೇಳಿದ್ರೆ ಏನ್ ಗಂಟು ಹೋಗ್ತಿತ್ತು? ಈಶ್ವರನ ಗಿಡ, ಇನ್ನೊಂದು ಬಿಲ್ವಪತ್ರೆ ಜಾಸ್ತಿ ಇಡ್ತಿದ್ದೆ. ಅಂಗಡಿ ಮುಚ್ಚೋ ಹಾಗಿದೆ ಅಂದಿದ್ರೆ ನಾನೇ ಕೂತು ತುಂಬ್ತಿದ್ದೆ. ಅದು ಬಿಟ್ಟು ರಾಹುಕಾಲ ಅಂದ್ರಲ್ಲಾ! ಗಾಂಜಾ ಅಂದ್ರೆ ಒಂದು ಸೊಪ್ಪು. ರಾಹುಕಾಲ ಅಂದ್ರೆ ನನ್ನ ಮರ್ಯಾದೆ."

ಭಾನುವಾರ ಮಧ್ಯಾಹ್ನ ಅವರು ಮಂಡಳಿಯನ್ನು ತುರ್ತಾಗಿ ಸೇರಿಸಿದರು. ಲಕ್ಷ್ಮೀಪತಿಯನ್ನು ಬಾಗಿಲ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ನಿಲ್ಲಿಸಲಾಯಿತು.

"ನಮ್ಮನೆಯೋರು ನಿಮಗೆಲ್ಲ ಸುಳ್ಳು ಹೇಳಿದಾರೆ," ಎಂದರು ವತ್ಸಲಾ. "ನಾನು ಗಳಿಗೆ ತಪ್ಪಿಲ್ಲ. ಆ ಯಂತ್ರ ಇರೋದು ಗಾಂಜಾ ತುಂಬೋಕೆ. ಆ ನಳಿಗೆ ವಾಪಸ್ ಕಳಿಸ್ಬೇಕು. ಅಷ್ಟೇ ವಿಷಯ."

ಸೊಂಟದಿಂದ ಸೆರಗು ತೆಗೆದು ಬಾಯಿಗೆ ಅಡ್ಡ ಹಿಡಿದವರು ನಕ್ಕರೋ ಹೆದರಿದರೋ ಹೇಳುವುದು ಕಷ್ಟ.

"ಆಂಟಿ," ಎಂದಳು ಭುವನೇಶ್ವರಿ ಮೆಲ್ಲಗೆ, "ಅದು ಮಂಡಿ ನೋವಿಗೆ ಒಳ್ಳೇದು ಅಂತ ಎಲ್ಲೋ ಓದಿದ್ದೆ."

"ನೀನು ಓದಿರೋದು ಇಲ್ಲಿ ಬೇಡ. ನಿಂಗೆ ಕೊಟ್ಟಿದ್ದು ಶುಂಠಿ."

ಉಮಾಶ್ರೀ ಮಾತ್ರ ಅಲುಗಾಡಲಿಲ್ಲ. "ಗಾಂಜಾ ಇರಬಹುದು ವತ್ಸಲಾ. ರಾಹುಕಾಲಾನೂ ಇರಬಹುದು. ಎರಡೂ ಒಟ್ಟಿಗೆ ಇರಬಾರ್ದು ಅಂತ ಎಲ್ಲಿದೆ? ನಮ್ಮನೇದು ದೇವರ ಮುಂದಿಂದ ಮಾಯ ಆಗಿದೆ. ಅದಕ್ಕೇನ್ ಹೇಳ್ತೀರಾ?"

ಮಂಡಳಿಯ ತಲೆಗಳು ಉಮಾಶ್ರೀಯ ಕಡೆಗೆ ಒಂದಿಷ್ಟು ವಾಲಿದ್ದು ವತ್ಸಲಾಗೂ ಕಂಡಿತು.

"ಹಾಗಾದ್ರೆ ನಾಳೆ ಎಲ್ಲಾರೂ ಕಾರ್ಖಾನೆಗೆ ಬನ್ನಿ. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಒಂಬತ್ತು ಹೊಡೆದ ಮೇಲೆ ನಿಮ್ಮ ಕಣ್ಣೆದುರಿಗೇ ಯಂತ್ರ ಶುರು ಮಾಡಿಸ್ತೀನಿ. ನಾನು ಗಳಿಗೆ ನೋಡೋಳೋ ಅಲ್ವೋ, ನೀವೇ ಹೇಳಿ."

"ಇನ್‌ಸ್ಪೆಕ್ಟರ್ ಬರೋದು ಎಂಟಕ್ಕೆ," ಎಂದರು ಬಾಗಿಲ ಬಳಿಯಿಂದ ಲಕ್ಷ್ಮೀಪತಿ. ಯಾರೂ ತಿರುಗಿ ನೋಡಲಿಲ್ಲ.

ಅರುಣ್ ಕುಮಾರ್ ಎಂಟಕ್ಕೆ ಸರಿಯಾಗಿ ಬಂದರು. ಕೈಯಲ್ಲಿ ಲ್ಯಾಪ್‌ಟಾಪ್ ಚೀಲ, ಕಾಲಲ್ಲಿ ಸೇಫ್ಟಿ ಶೂ, ಮುಖದಲ್ಲಿ ಕೆಂಗೇರಿಯಲ್ಲಿ ಇನ್ನೊಂದು ಇನ್‌ಸ್ಪೆಕ್ಷನ್ ಇರುವವರ ಅವಸರ. ಲೇತಿನ ಪಕ್ಕ ಜಮಖಾನ ಹಾಸಿ ಕೂತಿದ್ದ ರೇಷ್ಮೆ ಸೀರೆಯ ಹೆಂಗಸರನ್ನು ನೋಡಿ, ವಿಳಾಸ ತಪ್ಪಿತೇನೋ ಎಂದು ಬೋರ್ಡು ಓದಲು ಮತ್ತೆ ಹೊರಗೆ ಹೋದರು. ಉಮಾಶ್ರೀಯನ್ನು ಸ್ಕೂಟರಿನಲ್ಲಿ ತಂದು ಬಿಟ್ಟಿದ್ದ ಸುಧೀಂದ್ರ, ಕಂಬದ ಮರೆಯಲ್ಲಿ ನಿಂತಿದ್ದರು.

"ಸ್ಟಾರ್ಟ್ ಮಾಡೋಣ್ವಾ ಸಾರ್?"

"ಒಂಬತ್ತಾಗ್ಲಿ," ಎಂದರು ವತ್ಸಲಾ.

"ಮೇಡಂ, ನಾನು ಹತ್ತೂವರೆಗೆ ಕೆಂಗೇರಿಲಿ ಇರ್ಬೇಕು. ಈಗ ಆಗಲ್ಲ ಅಂದ್ರೆ 'ಮಷೀನ್ ನಾಟ್ ರೆಡಿ' ಅಂತ ಹಾಕಿ ಹೊರಡ್ತೀನಿ."

ಅಮರೇಶ ಸ್ವಿಚ್ಚಿನ ಹತ್ತಿರ ನಿಂತು ಒಮ್ಮೆ ಯಜಮಾನರನ್ನೂ ಒಮ್ಮೆ ಯಜಮಾನಿಯನ್ನೂ ನೋಡಿದ. ಅವನಿಗೂ ದೀಪಾವಳಿ ಇತ್ತು. ಹೆಂಗಸರೆಲ್ಲ ವತ್ಸಲಾರನ್ನೇ ನೋಡುತ್ತಿದ್ದರು. ಒಂದು ಮಾತು ಸಾಕು, ಅವರು ಹೂಂ ಅಂದರೆ ಯಂತ್ರ ಓಡುತ್ತದೆ, ಅವರ ಗಳಿಗೆ ಹೋಗುತ್ತದೆ. ಲಕ್ಷ್ಮೀಪತಿ ಅದನ್ನು ಕೇಳಬೇಕೆಂದು ಬಾಯಿ ತೆರೆದರು. ಶನಿವಾರದ ಲಡ್ಡು ಡಬ್ಬಿ ನೆನಪಾಯಿತು. ಮುಚ್ಚಿದರು.

"ಸಾರ್," ಎಂದರು ಅವರು ಅರುಣ್ ಕುಮಾರ್ ಕಡೆ ತಿರುಗಿ, "ಯಂತ್ರ ರೆಡಿ ಇದೆ. ಗಳಿಗೆ ರೆಡಿ ಇಲ್ಲ. ಪಾಕ ಬಿಸಿ ಆಗೋಕೂ ಅಷ್ಟು ಹೊತ್ತು ಬೇಕು. ಅಷ್ಟರಲ್ಲಿ ತಿಂಡಿ ತಿನ್ನಿ. ಆಮೇಲೂ ಹೊರಡ್ತೀನಿ ಅಂದ್ರೆ ಹೊರಡಿ, ನಾನು ತಡೆಯಲ್ಲ."

ಅರುಣ್ ಕುಮಾರ್ ವಾಚು ನೋಡಿದರು. ಭುವನೇಶ್ವರಿ ತಟ್ಟೆ ಹಿಡಿದು ಬಂದಳು. ಅದರಲ್ಲಿ ಖಾರಾಬಾತು, ಕೇಸರಿಬಾತು, ಪಕ್ಕದಲ್ಲಿ ಚಟ್ನಿ. ಮಂಡಳಿಯವರು ಬರಿಗೈಯಲ್ಲಿ ಎಲ್ಲಿಗೂ ಹೋಗುವವರಲ್ಲ. ಆತ ವಾಚು ಬಿಟ್ಟು ತಟ್ಟೆ ನೋಡಿದರು. ಎರಡನೇ ಸಲ ಬಡಿಸುವಾಗ ಗಂಟೆ ಒಂಬತ್ತು ಹೊಡೆಯಿತು.

ಯಂತ್ರ ಓಡಿತು. ತಟ್ಟೆಯ ಮೇಲೆ ತಟ್ಟೆ, ಬಾಲವಿಲ್ಲದೆ, ಗುಳ್ಳೆಯಿಲ್ಲದೆ. ಅರುಣ್ ಕುಮಾರ್ ಕೆಲವನ್ನು ತೂಗಿದರು, ಬೆಳಕಿಗೆ ಹಿಡಿದರು, ತಲೆಯಾಡಿಸಿದರು. ಆಮೇ‌ಲೆ ನಳಿಗೆಗಳನ್ನು ಎಣಿಸಲು ಕೂತರು. ಎಣಿಸಿ ಮುಗಿಸಿ, ಮತ್ತೊಮ್ಮೆ ಎಣಿಸಿದರು.

"ಸಾರ್, ಒಂದು ಕಮ್ಮಿ ಇದೆ."

"ಹೇಳ್ದೆ ಅಲ್ವಾ?" ಎಂದರು ಉಮಾಶ್ರೀ ಜಮಖಾನದ ಮೇಲಿನಿಂದ. "ಇಷ್ಟು ಜನದ್ದು ಸಿಕ್ಕಿ ನಮ್ಮನೇದು ಮಾತ್ರ ಹೋಗಿದೆ ಅಂದ್ರೆ, ಪೂಜೇಲಿ ದೋಷ ಇಲ್ದೇ ಹೋಗತ್ತಾ?"

"ಕಮ್ಮಿ ಇದ್ರೆ ಸೈನ್ ಹಾಕೋಕಾಗಲ್ಲ ಸಾರ್. ನನ್ನ ಕೈಲಿಲ್ಲ ಅದು," ಎಂದು ಅರುಣ್ ಕುಮಾರ್ ಪೆನ್ನಿನ ಕ್ಯಾಪು ಮುಚ್ಚಿದರು. ಬಾಯಲ್ಲಿ ಕೇಸರಿಬಾತಿನ ರುಚಿ ಇದ್ದುದರಿಂದ ಅವರಿಗೂ ಬೇಸರವಾದಂತೆ ಕಂಡಿತು.

ವತ್ಸಲಾ ತಲೆ ತಗ್ಗಿಸಿದರು. ಲಕ್ಷ್ಮೀಪತಿ ಮೂವತ್ತು ವರ್ಷಗಳಲ್ಲಿ ಅದನ್ನು ನೋಡಿರಲಿಲ್ಲ.

ಕಂಬದ ಮರೆಯಿಂದ ಒಂದು ಕೆಮ್ಮು ಕೇಳಿಸಿತು. ಸುಧೀಂದ್ರ ಹೊರಬಂದರು. ಪ್ಯಾಂಟಿನ ಜೇಬಿನಿಂದ ಕರವಸ್ತ್ರದ ಪೊಟ್ಟಣ ತೆಗೆದು, ಭೂಪಟ ಬಿಡಿಸುವವರ ಹಾಗೆ ನಿಧಾನವಾಗಿ ಬಿಡಿಸಿದರು. ಒಳಗೆ ನಳಿಗೆ ಇತ್ತು. ಗಾಜು ಸೀದು ಕಪ್ಪಾಗಿತ್ತು.

"ಇಲ್ಲಿದೆ," ಎಂದರು.

"ನಿಮ್ಮ ಹತ್ರ ಹೆಂಗೆ ಬಂತ್ರೀ?" ಉಮಾಶ್ರೀ ಎದ್ದು ನಿಂತರು.

"ಅಳಿಯ ದುಬೈಯಿಂದ ಬಂದಾಗ ಒಂದು ಬ್ಯಾಟರಿ ಕಡ್ಡಿ ಮರೆತು ಹೋಗಿದ್ನಲ್ಲ. ಈ ನಳಿಗೆ ನೋಡಿದ ತಕ್ಷಣ ಗೊತ್ತಾಯ್ತು, ಅದಕ್ಕೇ ಇದು ಅಂತ. ಶುಂಠಿ ತಾನೇ, ಕೆಮ್ಮಿಗೆ ಒಳ್ಳೇದು ಅಂತ ಒಂದು ಸಲ..."

"ಸಿಗರೇಟ್ ಬಿಟ್ಟಿದೀನಿ ಅಂತ ಊರಿಗೆಲ್ಲ ಸಾರ್ಕೊಂಡು ಬರ್ತೀರಲ್ರೀ!"

"ಇದು ಸಿಗರೇಟ್ ಅಲ್ಲ ಕಣೇ. ಬೆಲ್ಲ."

"ಶುಕ್ರವಾರ ರಾತ್ರಿ ಮಹಡಿ ಮೇಲೆ ಬೆಲ್ಲ ಸುಟ್ಟ ವಾಸನೆ ಬರ್ತಿದೆ ಅಂದ್ರೆ, ಪಕ್ಕದ ಮನೇಲಿ ಒಬ್ಬಟ್ಟು ಮಾಡ್ತಿದಾರೆ ಅಂದ್ರಿ. ನಾನು ಬೆಳಿಗ್ಗೆ ಹೋಗಿ ಅವರನ್ನ ಏನ್ ಹಬ್ಬ ಅಂತ ಕೇಳ್ಕೊಂಡು ಬಂದೆ!"

ಈಗ ಮಂಡಳಿ ಬಾಯಿಗೆ ಸೆರಗು ಹಿಡಿಯುವ ಗೋಜಿಗೆ ಹೋಗಲಿಲ್ಲ. ಯಂತ್ರಕ್ಕೆ ಹೂವು ತಂದಿದ್ದ ಮುನಿಲಕ್ಷ್ಮಮ್ಮ ಬುಟ್ಟಿಯ ಮೇಲೆ ಬಗ್ಗಿ ಬಗ್ಗಿ ನಕ್ಕಳು. "ರಾಹು ಸಿಕ್ಕಿದ್ನಲ್ಲ ಬುಡಿ ಅಮ್ಮಾವ್ರೆ. ಪ್ಯಾಂಟ್ ಹಾಕ್ಕೊಂಡವ್ನೆ," ಎಂದಳು.

ಅರುಣ್ ಕುಮಾರ್ ನಳಿಗೆಯನ್ನು ಕೈಗೆ ತೆಗೆದುಕೊಂಡು ಮೂಸಿದರು. "ಇದು ಯಾಕೆ ಸಾರ್ ಹೀಗೆ ಸುಟ್ಟಿದೆ? ರಿಪೋರ್ಟಲ್ಲಿ ಏನಂತ ಹಾಕ್ಲಿ?"

ಲಕ್ಷ್ಮೀಪತಿ ಉತ್ತರ ಸೋಸಲು ಹೊರಟಿದ್ದರು. ವತ್ಸಲಾ ಅವರ ಕಡೆ ಒಂದು ನೋಟ ಬಿಟ್ಟರು.

"ಇದ್ದಿದ್ದು ಇದ್ದ ಹಾಗೆ ಹಾಕಿ," ಎಂದರು ವತ್ಸಲಾ. "ನಳಿಗೆ ತುಂಬಿದ ಮೇಲೆ ಒಬ್ಬರು ಎಳೆದು ನೋಡಿದಾರೆ ಅಂತ."

ಅರುಣ್ ಕುಮಾರ್ ಯೋಚಿಸಿ, 'ಒಂದು ನಳಿಗೆಯನ್ನು ಬಳಸಿ ಪರೀಕ್ಷಿಸಲಾಗಿದೆ' ಎಂದು ಬರೆದು ಸೈನ್ ಹಾಕಿದರು. ಆಮೇಲೆ ಕೆಂಗೇರಿಗೆ ಫೋನ್ ಮಾಡಿ ಟ್ರಾಫಿಕ್ ಇದೆ ಎಂದರು.

ಯಂತ್ರ ಪಾಸಾಯಿತು. ಗುರುವಾರ ಮರದ ಪೆಟ್ಟಿಗೆಯಲ್ಲಿ ಪ್ಯಾಕ್ ಆಗಿ, ಇನ್ನೂರು ನಳಿಗೆಗಳ ಸಮೇತ ಲಾರಿ ಹತ್ತಿ ಹೋಯಿತು. ಉಮಾಶ್ರೀಯವರ ಮಗಳ ಗೃಹಪ್ರವೇಶಕ್ಕೆ ವತ್ಸಲಾ ಅವರೇ ಗಳಿಗೆ ನೋಡಿಕೊಟ್ಟರು.